ಎಣ್ಣೆ ಕುಡಿದ ಅಭ್ಯಂಗದ ಮೇಜು: ಮರದ ದ್ರೋಣಿ ಮತ್ತು ರೆಕ್ಸಿನ್ ಮೇಜುಗಳ ಶುಚಿ, ಪಾಲನೆ

ತೀರ್ಥಹಳ್ಳಿಯ ಚಿಕಿತ್ಸಕಿ

ನಮ್ಮ ಚಿಕಿತ್ಸಾ ಕೊಠಡಿಯಲ್ಲಿ ಎರಡು ಮೇಜುಗಳಿವೆ. ಒಂದು ಹಲಸಿನ ಮರದ ದ್ರೋಣಿ. ಸುತ್ತಲೂ ಎತ್ತರದ ಅಂಚು, ಅಂಚಿನ ಒಳಬದಿಗೆ ಕಾಲುವೆ, ಕಾಲಿನ ಕಡೆ ಎಣ್ಣೆ ಇಳಿಯುವ ರಂಧ್ರ ಇರುವ ಹಳೆಯ ಮಾದರಿಯದು. ಅಭ್ಯಂಗ, ಪಿಳಿಚ್ಚಿಲ್ (ಮೈಮೇಲೆ ಬಿಸಿ ಎಣ್ಣೆ ಸುರಿಯುವ ಚಿಕಿತ್ಸೆ), ನವರಕ್ಕಿಯ ಕಿಳಿ (ಹಾಲಿನಲ್ಲಿ ಬೆಂದ ಅಕ್ಕಿಯ ಗಂಟಿನಿಂದ ಮೈ ಉಜ್ಜುವುದು) ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ಇನ್ನೊಂದು, ರೋಗಿಗಳ ಮನೆಗೆ ಹೋಗುವಾಗ ಒಯ್ಯುವ ಮಡಚುವ ಮೇಜು. ಮೇಲೆ ರೆಕ್ಸಿನ್ ಹೊದಿಕೆ, ಒಳಗೆ ಫೋಮ್, ತಲೆಯ ಕಡೆ ಮುಖ ಇಡುವುದಕ್ಕೆ ಒಂದು ರಂಧ್ರ.

ಮಳೆ ಹಿಡಿದ ಮೇಲೆ ಎರಡೂ ತೊಂದರೆ ಕೊಡುತ್ತಿವೆ. ದ್ರೋಣಿಯ ಕಾಲುವೆಯ ಉದ್ದಕ್ಕೂ ಕಂದು ಬಣ್ಣದ ಅಂಟು ಪದರ ಕಟ್ಟಿದೆ. ಉಗುರಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತದೆ, ಬಿಸಿನೀರಿಗೂ ಸೋಪಿಗೂ ಕರಗುವುದಿಲ್ಲ. ಬೆಳಿಗ್ಗೆ ಕೊಠಡಿಯ ಬಾಗಿಲು ತೆರೆದ ಕೂಡಲೇ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಹಲಗೆ ಸೇರುವ ಮೂಲೆಗಳಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡಿದೆ. ಮಡಚುವ ಮೇಜಿನಲ್ಲಿ ಮುಖದ ರಂಧ್ರದ ಸುತ್ತಲಿನ ರೆಕ್ಸಿನ್ ಗಡುಸಾಗಿ, ಹೊಲಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕುಗಳು ಮೂಡಿವೆ.

ಸಲಹೆಗಳಿಗೆ ಕೊರತೆಯಿಲ್ಲ. ಒಬ್ಬರು ಸ್ಯಾನಿಟೈಸರ್ ಸಿಂಪಡಿಸಿ ಒರೆಸಿ ಎನ್ನುತ್ತಾರೆ, ಇನ್ನೊಬ್ಬರು ಫಿನೈಲ್ ಎನ್ನುತ್ತಾರೆ, ಮತ್ತೊಬ್ಬರು ಬಿಸಿಲಿಗೆ ಇಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಆಗುಂಬೆಯ ಮಗ್ಗುಲಲ್ಲಿರುವ ನಮಗೆ ಬಿಸಿಲು ಸಿಗುವುದು ದಸರೆಯ ಹೊತ್ತಿಗೆ. ದಿನವೂ ಎಣ್ಣೆಯೊಂದಿಗೇ ಕೆಲಸ ಮಾಡುವವರು ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಉಡುಪಿಯ ಪಂಚಕರ್ಮ ವೈದ್ಯ

ಆ ಕಂದು ಪದರ ಕೊಳೆಯಲ್ಲ, ಎಣ್ಣೆಯೇ. ಎಳ್ಳೆಣ್ಣೆ ಅರೆ ಒಣಗುವ ಎಣ್ಣೆಗಳ ಗುಂಪಿಗೆ ಸೇರಿದ್ದು. ಶೀಸೆಯಲ್ಲಿದ್ದಾಗ ಅದು ಬಹಳ ಕಾಲ ಕೆಡದೆ ಉಳಿಯುತ್ತದೆ, ಏಕೆಂದರೆ ಅದರಲ್ಲೇ ಸೆಸಮಾಲ್‌ನಂಥ ರಕ್ಷಕ ಅಂಶಗಳಿವೆ. ಆದರೆ ತೆಳುವಾಗಿ ಹರಡಿ ಗಾಳಿಗೆ ಬಿಟ್ಟಾಗ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪದರವಾಗುತ್ತದೆ. ದೋಸೆ ಕಾವಲಿಯ ಅಂಚಿನಲ್ಲಿ ವರ್ಷಗಟ್ಟಲೆ ಕಟ್ಟಿಕೊಳ್ಳುವ ಕರಕಲಿನ ಹಾಗೆ, ಹೀಗೆ ಬೆಸೆದುಕೊಂಡದ್ದು ಮಾಮೂಲಿ ಸೋಪಿಗೆ ಬಿಡುವುದಿಲ್ಲ. ಕೊಬ್ಬರಿ ಎಣ್ಣೆ ಹೀಗೆ ಒಣಗುವುದಿಲ್ಲ. ಅದರ ತೊಂದರೆಯೆಂದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ, ಚಳಿಯ ದಿನಗಳಲ್ಲಿ ಸಂದಿಗಳಲ್ಲಿ ಕೂತುಬಿಡುವುದು.

ಹಾಗಾಗಿ ನನ್ನ ಮೊದಲ ಮಾತು ಇಷ್ಟೇ: ಎಣ್ಣೆಯನ್ನು ಅದು ಇನ್ನೂ ಎಣ್ಣೆಯಾಗಿರುವಾಗಲೇ, ಅಂದರೆ ಆಯಾ ದಿನವೇ, ಮೇಜಿನಿಂದ ಪೂರ್ತಿ ತೆಗೆಯಬೇಕು. ರೋಗಿ ಎದ್ದುಹೋದ ಕೂಡಲೇ, ಎಣ್ಣೆ ಬೆಚ್ಚಗಿರುವಾಗಲೇ, ಒಣಗಿದ ಹಳೆಯ ಹತ್ತಿಬಟ್ಟೆಯಿಂದ ಒರೆಸಿ ತೆಗೆಯಿರಿ. ಇಲ್ಲಿ ನೀರು ಬಳಸಬಾರದು. ಬರೀ ನೀರಿಗೆ ಎಣ್ಣೆ ಬಿಡುವುದಿಲ್ಲ. ನಂತರ ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ ತೆಳ್ಳಗೆ ಉದುರಿಸಿ, ಅಂಗೈಯಿಂದ ಮರದ ಎಳೆಯ ಜಾಡಿನಲ್ಲೇ ಉಜ್ಜಿ, ಕುಂಚದಿಂದ ಗುಡಿಸಿ ತೆಗೆಯಿರಿ. ಹಿಟ್ಟು ಉಳಿದ ಜಿಡ್ಡನ್ನು ಹೀರಿ ಉಂಡೆಯಾಗುತ್ತದೆ. ಕಾಲುವೆಯಲ್ಲಿ ಹಿಟ್ಟಿನ ಪುಡಿ ಉಳಿಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಉಳಿದರೆ ಅದೇ ಬೂಷ್ಟಿಗೆ ಊಟ. ಆಮೇಲೆ ಅಂಟುವಾಳದ ಕಷಾಯವಾಗಲಿ, ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪವೇ ಬೆರೆಸಿದ ಉಗುರುಬೆಚ್ಚಗಿನ ನೀರಾಗಲಿ, ಬಟ್ಟೆಗೆ ಹಚ್ಚಿ ಹಿಂಡಿ ಒರೆಸಬೇಕು. ಕೊನೆಗೆ ಶುದ್ಧ ನೀರಿನ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ.

ಕಿಳಿ ಮತ್ತು ತಕ್ರಧಾರೆಯ (ಮಜ್ಜಿಗೆಯನ್ನು ಧಾರೆಯಾಗಿ ಸುರಿಯುವ ಚಿಕಿತ್ಸೆಯ) ದಿನ ಕ್ರಮ ಬೇರೆ. ಹಾಲಿನಲ್ಲಿ ಬೆಂದ ನವರಕ್ಕಿ, ಮಜ್ಜಿಗೆ ಇವುಗಳಲ್ಲಿ ಪಿಷ್ಟವೂ ಪ್ರೋಟೀನೂ ಇರುವುದರಿಂದ, ಮೊದಲೇ ಬಿಸಿನೀರು ಸುರಿದರೆ ಪ್ರೋಟೀನು ಹೆಪ್ಪಾಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಮೊದಲು ತಣ್ಣೀರಿನಿಂದ ಅಂಟನ್ನು ಒರೆಸಿ ತೆಗೆದು, ಆಮೇಲೆ ಜಿಡ್ಡಿನ ಕೆಲಸಕ್ಕೆ ಕೈಹಾಕಿ. ನನ್ನ ಅನುಭವದಲ್ಲಿ ದ್ರೋಣಿಯ ಕೆಟ್ಟ ವಾಸನೆಗೆ ಅಭ್ಯಂಗಕ್ಕಿಂತ ಕಿಳಿಯೇ ಹೆಚ್ಚು ಕಾರಣ.

ಶಿರಸಿಯ ಬಡಗಿ

ಹಲಸಿನ ದ್ರೋಣಿಗೆ ಮೇಲೆ ಯಾವ ಪಾಲಿಶ್ ಇದೆ ಎಂಬುದನ್ನು ತಿಳಿಯದೆ ಯಾವ ದ್ರವವನ್ನೂ ಹಾಕಬೇಡಿ. ನಮ್ಮ ಕಡೆಯ ಹಳೆಯ ಮರಗೆಲಸಕ್ಕೆ ಹೆಚ್ಚಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ಕೊಡುತ್ತಿದ್ದರು. ಅರಗು ಸ್ಪಿರಿಟ್‌ಗೆ ಮತ್ತೆ ಕರಗುತ್ತದೆ. ಸ್ಯಾನಿಟೈಸರ್ ಎಂದರೆ ಮುಕ್ಕಾಲು ಪಾಲು ಸ್ಪಿರಿಟ್ ಎಂದೇ ತಿಳಿಯಿರಿ. ಅದನ್ನು ಸಿಂಪಡಿಸಿದರೆ ಪಾಲಿಶ್ ಮೆತ್ತಗಾಗಿ, ಬೆರಳಿಗೆ ಅಂಟಿ, ಒಣಗಿದ ಮೇಲೆ ಮಬ್ಬು ಹಿಡಿಯುತ್ತದೆ. ಪರೀಕ್ಷೆ ಸುಲಭ: ದ್ರೋಣಿಯ ಅಡಿಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯ ತುದಿಗೆ ಸ್ಪಿರಿಟ್ ಹಚ್ಚಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಅಂಟಿಕೊಂಡು ಕಂದು ಬಣ್ಣ ಬಂದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಲೇಪ ಇರಬಹುದು.

ಕಟ್ಟಿಕೊಂಡ ಪದರಕ್ಕೆ ತೊಳೆಯುವ ಸೋಡಾ ಒಳ್ಳೆಯ ಔಷಧಿ ಎಂದು ಹಲವರು ಹೇಳುತ್ತಾರೆ. ಅದು ಎಣ್ಣೆಯನ್ನು ಸಾಬೂನಾಗಿಸಿ ಬಿಡಿಸುವುದು ನಿಜ. ಆದರೆ ಕ್ಷಾರ ತಗುಲಿದರೆ ತೇಗ, ಹಲಸಿನಂಥ ಮರಗಳ ಬಣ್ಣ ಗಾಢವಾಗುತ್ತದೆ, ಎಳೆಗಳು ಎದ್ದು ಮೈ ತರಿತರಿಯಾಗುತ್ತದೆ, ಮತ್ತು ತರಿ ಮೈ ಮುಂದಿನ ಸಲ ಇನ್ನಷ್ಟು ಎಣ್ಣೆ ಹಿಡಿಯುತ್ತದೆ. ನಾನಾದರೆ ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಆ ಪದರವನ್ನು ಹೆರೆದು, ಉಳಿದದ್ದನ್ನು ಕಿಟಕಿ ಬಾಗಿಲು ತೆರೆದಿಟ್ಟು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ವಾಸನೆ ಪೂರ್ತಿ ಹೋದ ಮೇಲೆ 180ರ ಉಪ್ಪುಕಾಗದ, ಅದರ ಹಿಂದೆ 220ರದ್ದು, ಎರಡನ್ನೂ ಎಳೆಯ ದಿಕ್ಕಿನಲ್ಲೇ ಆಡಿಸುತ್ತೇನೆ. ಅಡ್ಡಡ್ಡ ತಿಕ್ಕಿದರೆ ಬೀಳುವ ಗೀರುಗಳೊಳಗೆ ಎಣ್ಣೆ ಇಳಿದು ಕಪ್ಪು ಗೆರೆಗಳಾಗಿ ನಿಲ್ಲುತ್ತದೆ.

ಬಿಸಿಲಿನ ವಿಷಯದಲ್ಲಿ ನಿಮ್ಮ ಹಿತೈಷಿಗಳು ಪೂರ್ತಿ ಸರಿಯಲ್ಲ. ತೇವ ಕುಡಿದ ಹಲಗೆಯನ್ನು ಒಮ್ಮೆಗೇ ಬಿಸಿಲಿಗೆ ಒಡ್ಡಿದರೆ ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಭಾಗ ಹಾಗೇ ಇರುತ್ತದೆ, ಈ ಎಳೆದಾಟದಲ್ಲಿ ಮರ ಸೀಳುತ್ತದೆ. ಸೀಳು ಹುಟ್ಟುವುದು ಬಹುತೇಕ ಹಲಗೆಯ ತುದಿಯ ಕೊಯ್ದ ಮುಖದಲ್ಲಿ, ಏಕೆಂದರೆ ನೀರು ಒಳಹೋಗುವುದೂ ಹೊರಬರುವುದೂ ಬದಿಯ ಮುಖಕ್ಕಿಂತ ಆ ಮುಖದಲ್ಲಿ ಬಹಳ ಬೇಗ. ಆದ್ದರಿಂದ ನೆರಳು, ಗಾಳಿ, ಫ್ಯಾನು ಸಾಕು. ತುದಿಯ ಮುಖಗಳಿಗೆ ಮಾತ್ರ ಮಳೆಗಾಲಕ್ಕೆ ಮುಂಚೆ ಎರಡು ಕೈ ಹೆಚ್ಚು ಪಾಲಿಶ್ ಕೊಡಿಸಿ.

ಮೂಲೆಗಳಲ್ಲಿ ಕಪ್ಪು ಕಲೆ ಇದ್ದರೆ ಅಲ್ಲಿ ಕಬ್ಬಿಣದ ಮೊಳೆ ಇದೆಯೇ ಎಂದು ನೋಡಿ. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಮತ್ತು ಕಬ್ಬಿಣ ತೇವದಲ್ಲಿ ಸೇರಿದರೆ ಶಾಯಿಯ ಬಣ್ಣ ಹುಟ್ಟುತ್ತದೆ. ಅದನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೊಳೆ ತೆಗೆದು ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಹಾಕಿಸಿ. ಹೊಸ ದ್ರೋಣಿ ಮಾಡಿಸುವವರಿಗೆ ಇನ್ನೊಂದು ಮಾತು: ಹೊನ್ನೆ ಗಟ್ಟಿ ಮರವೇ ಹೌದು, ಆದರೆ ನೀರು ತಗುಲಿದಾಗ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆಗೆ ಹತ್ತುತ್ತದೆ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್

ನಾನು ರೆಕ್ಸಿನ್ ಮೇಜಿನ ಬಗ್ಗೆ ಮಾತ್ರ ಬರೆಯುತ್ತೇನೆ. ರೆಕ್ಸಿನ್ ಎಂದು ನಾವು ಕರೆಯುವುದರಲ್ಲಿ ಎರಡು ಬಗೆಯಿದೆ, ಅವೆರಡೂ ಕೆಡುವ ರೀತಿ ಬೇರೆ ಬೇರೆ.

ಪಿವಿಸಿ ಹೊದಿಕೆ ಮೆತ್ತಗಿರುವುದು ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಜರ್‌ನಿಂದ. ಎಣ್ಣೆ ಅದರ ಮೇಲೆ ನಿಂತೇ ಇದ್ದರೆ ಆ ಅಂಶವನ್ನು ನಿಧಾನವಾಗಿ ಹೊರಗೆಳೆಯುತ್ತದೆ, ಸ್ಪಿರಿಟ್ ಕೂಡ ಅದೇ ಕೆಲಸ ಮಾಡುತ್ತದೆ. ಆಗ ಹೊದಿಕೆ ಗಡುಸಾಗಿ, ಮಡಿಕೆ ಬೀಳುವ ಜಾಗದಲ್ಲಿ ಬಿರಿಯುತ್ತದೆ. ನೀವು ವರ್ಣಿಸಿದ ಮುಖದ ರಂಧ್ರದ ಬಿರುಕು ಇದೇ ಎಂದು ನನಗೆ ಅನಿಸುತ್ತದೆ. ಅಲ್ಲಿ ಎಣ್ಣೆಯ ಜೊತೆಗೆ ಬೆವರು, ಮುಖದ ಕ್ರೀಮು, ಉಸಿರಿನ ತೇವ ಎಲ್ಲವೂ ಸೇರುತ್ತವೆ. ಪಿಯು ಹೊದಿಕೆ ಸ್ಪರ್ಶಕ್ಕೆ ಇನ್ನೂ ಹಿತ, ಆದರೆ ಹಲವು ಬಗೆಯ ಪಿಯುಗಳು ಗಾಳಿಯ ತೇವದಿಂದಲೇ ಒಳಗೊಳಗೆ ಒಡೆಯುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಬಳಸದೇ ಇಟ್ಟ ಪಿಯು ಬ್ಯಾಗು, ಸೋಫಾಗಳು ಹಕ್ಕಳೆ ಹಕ್ಕಳೆಯಾಗಿ ಸುಲಿಯುವುದು ಇದೇ ಕಾರಣಕ್ಕೆ. ಅದಕ್ಕೆ ಯಾವ ಕ್ರೀಮೂ ಪರಿಹಾರವಲ್ಲ. ಮಳೆಗಾಲದಲ್ಲಿ ಚೀಲದೊಳಗೆ ತುಂಬಿ ಜಿಪ್ ಎಳೆದು ಅಟ್ಟದ ಮೇಲೆ ಇಡದೆ, ಬಿಡಿಸಿ ಗಾಳಿಯಾಡುವ ಕಡೆ ನಿಲ್ಲಿಸಬೇಕು.

ದಿನನಿತ್ಯದ ಕ್ರಮ ಸರಳ. ತಟಸ್ಥ ಸೋಪಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಹನಿ ಬೀಳದಷ್ಟು ಹಿಂಡಿ ಒರೆಸಿ, ಹಿಂದೆಯೇ ಬರೀ ನೀರಿನ ಬಟ್ಟೆ, ಹಿಂದೆಯೇ ಒಣ ಬಟ್ಟೆ. ನೀರು ಹೆಚ್ಚಾದರೆ ಹೊಲಿಗೆಯ ತೂತುಗಳಿಂದ ಫೋಮ್‌ಗೆ ಇಳಿಯುತ್ತದೆ. ಫೋಮ್ ಒಮ್ಮೆ ಎಣ್ಣೆ ಮತ್ತು ನೀರನ್ನು ಕುಡಿದರೆ ಅದನ್ನು ತೊಳೆಯುವ ದಾರಿಯೇ ಇಲ್ಲ, ಬದಲಿಸಬೇಕು. ಮೇಜಿನ ಮೇಲೆ ಹತ್ತಿಯ ಹಾಸು ಒಂದನ್ನೇ ಹಾಕಿದರೆ ಎಣ್ಣೆ ದಾಟಿಹೋಗುತ್ತದೆ. ಹತ್ತಿಯ ಕೆಳಗೆ ನೀರು ದಾಟದ ತೆಳು ಹಾಸು ಇರಲಿ, ಮುಖದ ರಂಧ್ರದ ದಿಂಬಿಗೆ ಪ್ರತಿ ರೋಗಿಗೂ ಹೊಸ ಹೊದಿಕೆ ಇರಲಿ.

ತೀರ್ಥಹಳ್ಳಿಯ ಚಿಕಿತ್ಸಕಿ

ಅಡಿಬದಿಯಲ್ಲಿ ಸ್ಪಿರಿಟ್ ಹಚ್ಚಿ ನೋಡಿದೆ, ಹತ್ತಿ ಕಂದಾಯಿತು. ಅಂದರೆ ಅರಗಿನ ಪಾಲಿಶ್.

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. ಸೊಂಟನೋವಿಗೆಂದು ಬಂದವರಿಗೆ ಚಿಕಿತ್ಸೆ ಅರ್ಧವಾದಾಗ ತೊಡೆಯ ಸಂದಿಯಲ್ಲಿ ಹುಳುಕಡ್ಡಿ ಇರುವುದು ಗೊತ್ತಾಗುವುದು ಅಪರೂಪವಲ್ಲ. ಮರುದಿನ ಅದೇ ಮೇಜಿನ ಮೇಲೆ ಬಾಣಂತಿಯೋ ವೃದ್ಧರೋ ಮಲಗುತ್ತಾರೆ. ಸೋಪಿನ ನೀರು ಸಾಕೇ?

ಮಂಗಳೂರಿನ ಪ್ರಯೋಗಾಲಯ ತಂತ್ರಜ್ಞೆ

ಸಾಲದು, ಆದರೆ ಸೋಪಿನ ನೀರಿಲ್ಲದೆ ಮುಂದಿನ ಹೆಜ್ಜೆಯೂ ನಡೆಯುವುದಿಲ್ಲ. ಕ್ರಿಮಿನಾಶಕ ಕೆಲಸ ಮಾಡಬೇಕಾದರೆ ಅದು ಕ್ರಿಮಿಯನ್ನು ಮುಟ್ಟಬೇಕು. ನಡುವೆ ಎಣ್ಣೆಯ ಪೊರೆಯಿದ್ದರೆ ಬ್ಲೀಚಿನ ನೀರಿನಲ್ಲಿರುವ ಕ್ಲೋರಿನ್ ಮೇಲೆಯೇ ಜಾರಿಹೋಗುತ್ತದೆ, ಮುಟ್ಟಿದ ಅಷ್ಟಿಷ್ಟೂ ಕೊಳೆಯ ಜೊತೆ ಸೆಣಸಿ ವ್ಯಯವಾಗುತ್ತದೆ. ಅಭ್ಯಂಗದ ಮೇಜುಗಳಲ್ಲಿ ಆಗುವ ತಪ್ಪು ಬಹುಮಟ್ಟಿಗೆ ಇದೇ: ಜಿಡ್ಡಿನ ಮೇಲೆಯೇ ಸುವಾಸನೆಯ ದ್ರವ ಸಿಂಪಡಿಸಿ, ವಾಸನೆ ಬಂತು, ಶುದ್ಧವಾಯಿತು ಎಂದುಕೊಳ್ಳುವುದು.

ಹುಳುಕಡ್ಡಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚರ್ಮದ ಸಿಪ್ಪೆಯ ಜೊತೆ ಉದುರುವ ಈ ಶಿಲೀಂಧ್ರದ ಬೀಜಕಗಳು ಒಣ ಜಾಗದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಮೇಲಾಗಿ ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಹರಡಿರುವ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಬಗೆ ಟರ್ಬಿನಾಫಿನ್ ಔಷಧಿಗೆ ಹಲವು ಬಾರಿ ಬಗ್ಗುವುದಿಲ್ಲ. ಮೇಜಿನಿಂದ ಒಬ್ಬರಿಗೆ ಹತ್ತಿದರೆ ಅವರು ತಿಂಗಳುಗಟ್ಟಲೆ ಚಿಕಿತ್ಸೆ ಪಡೆಯಬೇಕಾಗಬಹುದು. ಕಜ್ಜಿಯ ಹುಳ ಹಾಗಲ್ಲ. ಮೈಬಿಟ್ಟ ಮೇಲೆ ಅದು ಎರಡು ಮೂರು ದಿನಕ್ಕಿಂತ ಹೆಚ್ಚು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿ ಮೇಜಿಗಿಂತ ಬಟ್ಟೆಯೇ ಮುಖ್ಯ. ಹಾಸು ಹೊದಿಕೆಗಳನ್ನು 60 ಡಿಗ್ರಿಯ ನೀರಿನಲ್ಲಿ ಒಗೆದರೆ ಕೆಲಸವಾಗುತ್ತದೆ.

ಈಗ ಅಳತೆ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚಿನ ಮೇಲೆ ಎಷ್ಟು ಶೇಕಡಾ ಎಂದು ಬರೆದಿದೆ ನೋಡಿ. ಶೇ. 4ರದ್ದಾದರೆ, ಒಂದು ಪಾಲಿಗೆ ಏಳು ಪಾಲು ನೀರು ಸೇರಿಸಿದಾಗ ಶೇ. 0.5ರ ದ್ರಾವಣವಾಗುತ್ತದೆ, ಹುಳುಕಡ್ಡಿಯ ಶಂಕೆಯಿರುವಾಗ ಇದನ್ನು ಬಳಸಿ, ಮೇಲ್ಮೈ 10 ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಿ. ದಿನನಿತ್ಯಕ್ಕೆ ಶೇ. 0.1 ಸಾಕು, ಅಂದರೆ ಅದೇ ದ್ರವ 25 ಮಿಲಿಲೀಟರ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿಕೊಳ್ಳುವುದು. ತಣ್ಣೀರಿನಲ್ಲೇ ಬೆರೆಸಿ, ಆಯಾ ದಿನದ್ದನ್ನು ಆಯಾ ದಿನವೇ ಮಾಡಿಕೊಳ್ಳಿ; ಬೆಳಕಿಗೂ ಬಿಸಿಗೂ ಅದರ ಶಕ್ತಿ ಕುಂದುತ್ತದೆ. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಶೌಚಾಲಯ ತೊಳೆಯುವ ಆಮ್ಲದ ಜೊತೆಗಾಗಲಿ, ಅಮೋನಿಯಾ ಇರುವ ಗಾಜಿನ ದ್ರವದ ಜೊತೆಗಾಗಲಿ, ವಿನಿಗರ್ ಜೊತೆಗಾಗಲಿ ಅದನ್ನು ಎಂದಿಗೂ ಬೆರೆಸಬಾರದು. ಹುಟ್ಟುವ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಅವಧಿ ಮುಗಿದ ಮೇಲೆ ಬರೀ ನೀರಿನಿಂದ ಎರಡು ಸಲ ಒರೆಸಿ, ಏಕೆಂದರೆ ಮುಂದೆ ಅಲ್ಲಿ ಬರಿಮೈ ಒರಗುತ್ತದೆ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್

ಅಳತೆಗಳನ್ನು ನಾನು ಒಪ್ಪುತ್ತೇನೆ, ಆದರೆ ರೆಕ್ಸಿನ್ ಮೇಲೆ ದಿನವೂ ಬ್ಲೀಚು ಬೇಡ. ಹೊಲಿಗೆಯ ದಾರ ಬಡವಾಗುತ್ತದೆ, ಬಣ್ಣ ಹೋಗುತ್ತದೆ, ಕೆಳಗಿನ ಉಕ್ಕಿನ ತಂತಿಗಳಿಗೂ ಕೀಲುಗಳಿಗೂ ಸೋರಿದರೆ ತುಕ್ಕು ಹಿಡಿಯುತ್ತದೆ. ದಿನನಿತ್ಯಕ್ಕೆ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ, ಸ್ಪಿರಿಟ್ ಇಲ್ಲದ ಕ್ರಿಮಿನಾಶಕ ದ್ರವವನ್ನು ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ನೀರಿನ ಬಟ್ಟೆಯಿಂದ ಒರೆಸುವುದು ನನ್ನ ಕ್ರಮ. ಸೋಪು ಪೂರ್ತಿ ಹೋಗಿರಬೇಕು. ಸಾಮಾನ್ಯ ಸೋಪು ಉಳಿದಿದ್ದರೆ ಈ ದ್ರವದ ಶಕ್ತಿಯನ್ನು ಅದು ತಿಂದುಹಾಕುತ್ತದೆ. ಬ್ಲೀಚನ್ನು ಹುಳುಕಡ್ಡಿಯಂಥ ಸಂದರ್ಭಕ್ಕೆ ಮೀಸಲಿಡೋಣ.

ಮಂಗಳೂರಿನ ಪ್ರಯೋಗಾಲಯ ತಂತ್ರಜ್ಞೆ

ಇದು ನ್ಯಾಯವಾದ ಮಾತು. ಆದರೆ ಬಿರಿದ ರೆಕ್ಸಿನ್ ವಿಷಯದಲ್ಲಿ ರಾಜಿ ಬೇಡ. ಬಿರುಕಿನೊಳಗೆ ಯಾವ ದ್ರವವೂ ನೆಟ್ಟಗೆ ತಲುಪುವುದಿಲ್ಲ, ಅದನ್ನು ಶುದ್ಧವೆಂದು ಹೇಳಲು ಬರುವುದಿಲ್ಲ.

ಮರದ ಬಗ್ಗೆಯೂ ನನ್ನ ಆಸೆ ಅದೇ: ಒಳಮೈಗೆ ಪೂರ್ತಿ ಮುಚ್ಚಿದ ಪಿಯು ಲೇಪ ಇರಲಿ. ಬರೀ ಮರದ ರಂಧ್ರಗಳನ್ನು ಕ್ರಿಮಿಮುಕ್ತಗೊಳಿಸುವುದು ಕಷ್ಟ.

ಶಿರಸಿಯ ಬಡಗಿ

ಲೇಪದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಪಿಳಿಚ್ಚಿಲ್ ಎಣ್ಣೆಯ ಬಿಸಿ, ಬೆವರಿಳಿಸುವ ಸ್ವೇದ ಚಿಕಿತ್ಸೆಯ ಹಬೆ, ಮಳೆಗಾಲದ ಉಬ್ಬುವಿಕೆ, ಬೇಸಿಗೆಯ ಕುಗ್ಗುವಿಕೆ ಇಷ್ಟನ್ನೂ ತಾಳಿಕೊಳ್ಳುವ ಲೇಪ ಕಡಿಮೆ. ಹಲಗೆ ಸೇರುವ ಗೆರೆಯಲ್ಲಿ ಲೇಪ ಒಡೆದರೆ ಎಣ್ಣೆ ಅದರ ಅಡಿಗೆ ನುಸುಳುತ್ತದೆ, ಅಲ್ಲಿಂದ ಅದನ್ನು ತೆಗೆಯುವ ಉಪಾಯವಿಲ್ಲ. ಲೇಪವಿಲ್ಲದ ಮರವನ್ನು ವರ್ಷಕ್ಕೊಮ್ಮೆ ಹೆರೆದು ಹೊಸದಾಗಿಸಬಹುದು.

ಹಾಗೆಂದು ತಂತ್ರಜ್ಞೆಯವರ ಕಾಳಜಿಯನ್ನು ನಾನು ತಳ್ಳಿಹಾಕುವುದಿಲ್ಲ. ದಿನಕ್ಕೆ ಹಲವು ರೋಗಿಗಳು ಬರುವ ಕೇಂದ್ರಕ್ಕೆ ಎರಡು ಘಟಕಗಳ ಪಿಯು ಲೇಪವನ್ನೇ ಮಾಡಿಸಿ, ಒಡೆದ ಗೆರೆ ಕಂಡ ದಿನವೇ ಆ ಭಾಗವನ್ನು ಉಜ್ಜಿ ಮತ್ತೆ ಲೇಪಿಸುವ ಶಿಸ್ತು ಇಟ್ಟುಕೊಳ್ಳಿ. ಅರಗಿನ ಪಾಲಿಶ್ ಮಾತ್ರ ದ್ರೋಣಿಯ ಒಳಮೈಗೆ ಯಾವ ರೀತಿಯಲ್ಲೂ ತಕ್ಕದ್ದಲ್ಲ. ಬಿಸಿಗೂ ಬಿಳುಪೇರುತ್ತದೆ, ಸೋಡಾಕ್ಕೂ ಕರಗುತ್ತದೆ. ತೀರ್ಥಹಳ್ಳಿಯವರು ಅದನ್ನು ಪೂರ್ತಿ ತೆಗೆಸಲೇಬೇಕು.

ದಾವಣಗೆರೆಯ ಹೊಸ ಚಿಕಿತ್ಸಕ

ಇಷ್ಟೆಲ್ಲ ಕಷ್ಟವಿರುವಾಗ ಫೈಬರ್ ದ್ರೋಣಿಯೇ ಮೇಲಲ್ಲವೇ?

ಉಡುಪಿಯ ಪಂಚಕರ್ಮ ವೈದ್ಯ

ತೊಳೆಯುವುದಕ್ಕೆ ಹೌದು, ಬಹಳ ಸುಲಭ. ನಾವು ಬಸ್ತಿಗೂ (ಔಷಧಿಯ ಎನಿಮಾ) ಉದ್ವರ್ತನಕ್ಕೂ (ಔಷಧಿಯ ಪುಡಿಯಿಂದ ಮೈ ಉಜ್ಜುವುದು) ಅದನ್ನೇ ಬಳಸುತ್ತೇವೆ. ಗಮನಿಸಬೇಕಾದದ್ದು ಅದರ ಮೇಲಿನ ನುಣುಪು ಪದರವನ್ನು. ತಂತಿಯ ಜುಂಗಿನಿಂದಲೋ ಪಾತ್ರೆ ತಿಕ್ಕುವ ತರಿ ಪುಡಿಯಿಂದಲೋ ತಿಕ್ಕಿದರೆ ಹೊಳಪು ಹೋಗಿ, ಸಣ್ಣ ಗೀರುಗಳಲ್ಲಿ ಔಷಧಿಯ ಬಣ್ಣ ಹಿಡಿದು ಹಳದಿಯಾಗುತ್ತದೆ. ಗಾಜುನಾರು ಹೊರಗೆ ಕಂಡ ದಿನ ಅದರ ಮೇಲೆ ಯಾರನ್ನೂ ಮಲಗಿಸಬೇಡಿ. ಉಳಿದಂತೆ, ಎಣ್ಣೆ ಹಚ್ಚಿದ ಮೈ ಫೈಬರಿನ ಮೇಲೆ ಮರದ ಮೇಲಿಗಿಂತ ಹೆಚ್ಚು ಜಾರುತ್ತದೆ. ವೃದ್ಧರನ್ನು ಎಬ್ಬಿಸಿ ಕೂರಿಸುವಾಗ ಇಬ್ಬರು ಇರಲೇಬೇಕು.

ಬೆಂಗಳೂರಿನ ಕೇಂದ್ರವೊಂದರ ಮೇಲ್ವಿಚಾರಕಿ

ಮೇಜನ್ನು ಒರೆಸಿದ ಬಟ್ಟೆಗಳ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ಅದು ಪ್ರಾಣಾಪಾಯದ ವಿಷಯವಾದ್ದರಿಂದ ಬರೆಯುತ್ತಿದ್ದೇನೆ.

ವೈದ್ಯರು ಹೇಳಿದ ಆ ಆಮ್ಲಜನಕ ಹೀರುವ ಕ್ರಿಯೆ ಬಿಸಿಯನ್ನು ಹುಟ್ಟಿಸುತ್ತದೆ. ಮೇಜಿನ ಮೇಲೆ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಎಣ್ಣೆ ಕುಡಿದ ಬಟ್ಟೆಗಳನ್ನು ಒಟ್ಟಿ ರಾಶಿ ಹಾಕಿದರೆ, ನೂಲೆಳೆಗಳ ಮೇಲೆ ಎಣ್ಣೆ ಬಹಳ ತೆಳ್ಳಗೆ ಹರಡಿರುವುದರಿಂದ ಕ್ರಿಯೆ ಚುರುಕಾಗುತ್ತದೆ, ರಾಶಿಯ ನಡುವಿನ ಬಿಸಿಗೆ ಹೊರಹೋಗಲು ದಾರಿಯಿರುವುದಿಲ್ಲ, ಬಿಸಿ ಏರಿದಷ್ಟೂ ಕ್ರಿಯೆ ಇನ್ನೂ ಚುರುಕಾಗಿ, ಕೊನೆಗೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಒಗೆದ ಟವೆಲ್ಲುಗಳಲ್ಲೂ ಈ ಅಪಾಯವಿದೆ, ಏಕೆಂದರೆ ತಣ್ಣೀರಿನ ಒಗೆತದಲ್ಲಿ ಎಣ್ಣೆ ಪೂರ್ತಿ ಹೋಗುವುದಿಲ್ಲ. ಅಂಥವನ್ನು ಡ್ರೈಯರ್‌ನಲ್ಲಿ ಕಾಯಿಸಿ, ಬಿಸಿ ಆರುವ ಮೊದಲೇ ಮಡಚಿ ಕಪಾಟಿನಲ್ಲಿ ಒತ್ತಿಟ್ಟಾಗ ರಾತ್ರಿಯಲ್ಲಿ ಹೊಗೆಯೇಳುವುದು ಮಸಾಜ್ ಕೇಂದ್ರಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದಿರುವಂಥದ್ದೇ. ಅಗಸೆ ಎಣ್ಣೆಯಲ್ಲಿ ಅಪಾಯ ಅತಿ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ಕಡಿಮೆ, ಎಳ್ಳೆಣ್ಣೆ ಇವೆರಡರ ನಡುವಿನದು. ಬಡಗಿಯವರ ಟರ್ಪೆಂಟೈನ್ ಬಟ್ಟೆಗೂ ಇದೇ ಎಚ್ಚರ ಬೇಕು, ಅದರಲ್ಲಿ ಹಳೆಯ ಎಣ್ಣೆಯೂ ಇರುತ್ತದೆ.

ನಮ್ಮಲ್ಲಿ ಒರೆಸಿದ ಬಟ್ಟೆಗಳು ನೇರವಾಗಿ ಮುಚ್ಚಳವಿರುವ ಲೋಹದ ಡಬ್ಬಿಗೆ, ಸೋಡಾ ಬೆರೆಸಿದ ನೀರಿಗೆ ಹೋಗುತ್ತವೆ. ಒಗೆಯುವುದು ಬಿಸಿನೀರಿನಲ್ಲಿ, ಅದೇ ದಿನ. ಒಣಗಿದ ಟವೆಲ್ಲನ್ನು ಮೂಗಿಗೆ ಹಿಡಿದಾಗ ಕಮಟು ವಾಸನೆಯಿದ್ದರೆ ಅದರಲ್ಲಿ ಎಣ್ಣೆ ಉಳಿದಿದೆ ಎಂದೇ ಅರ್ಥ. ಮತ್ತೆ ಒಗೆಯುತ್ತೇವೆ, ಆಗಲೂ ಹೋಗದಿದ್ದರೆ ಎಸೆಯುತ್ತೇವೆ. ಅಂಥ ಬಟ್ಟೆಯನ್ನು ಡ್ರೈಯರ್‌ಗೆ ಹಾಕುವುದಿಲ್ಲ, ಹಗ್ಗದ ಮೇಲೆ ಹರವುತ್ತೇವೆ. ಒರೆಸಿ ತೆಗೆದ ಎಣ್ಣೆಯನ್ನು ಸಿಂಕಿಗೆ ಸುರಿಯುವುದೂ ಇಲ್ಲ, ಕೊಳವೆ ಕಟ್ಟಿಕೊಳ್ಳುತ್ತದೆ.

ಮೈಸೂರಿನ ಕುಶನ್ ಕೆಲಸದವರು

ಮಡಚುವ ಮೇಜಿನ ಹೊದಿಕೆ ಬದಲಿಸುವವರಿಗೆ ನಾನು ಒತ್ತಿ ಹೇಳುವುದು ಹೊಲಿಗೆಯ ಜಾಗದ ಬಗ್ಗೆ. ಮೇಲ್ಭಾಗದಲ್ಲಿ ಹೊಲಿಗೆಯೇ ಇರದಂತೆ ಒಂದೇ ತುಂಡಿನಲ್ಲಿ ಎಳೆದು, ಅಂಚು ದಾಟಿಸಿ, ಕೆಳಗೆ ಪಿನ್ನು ಹೊಡೆಯಬೇಕು. ಮುಖದ ರಂಧ್ರಕ್ಕೆ ಹೊಲಿಗೆ ತಪ್ಪದು. ಅಲ್ಲಿ ಹೊಲಿಗೆಯ ಒಳಬದಿಗೆ ಅಂಟುಪಟ್ಟಿ ಹಾಕಿಸಿ. ಬಿರುಕಿಗೆ ಮೇಲಿಂದ ತೇಪೆ ಅಂಟಿಸುವುದು ಹೊಸ ಹೊದಿಕೆ ಬರುವ ತನಕದ ಏರ್ಪಾಡು ಮಾತ್ರ.

ಹೊದಿಕೆ ಬಿಚ್ಚಿದಾಗ ಫೋಮನ್ನು ಒತ್ತಿ ನೋಡಿ. ಒಳ್ಳೆಯ ಫೋಮ್ ಬೆರಳು ತೆಗೆದ ಕೂಡಲೇ ಮೇಲೇಳುತ್ತದೆ. ಎಣ್ಣೆ ಕುಡಿದದ್ದು ಕಂದಾಗಿ, ಒತ್ತಿದಲ್ಲೇ ತಗ್ಗಾಗಿ ನಿಲ್ಲುತ್ತದೆ.

ಇದೇ ಹೊತ್ತಿಗೆ ಮೇಜನ್ನು ಮಗುಚಿ ಕೆಳಭಾಗ ನೋಡುವುದನ್ನು ಮರೆಯಬೇಡಿ. ತಿಂಗಳಿಗೊಮ್ಮೆ ಕಾಲಿನ ಬೋಲ್ಟುಗಳನ್ನೂ ಎತ್ತರ ಹೊಂದಿಸುವ ಗುಬ್ಬಿಗಳನ್ನೂ ಕೈಯಿಂದ ಬಿಗಿದು, ಕಾಲುಗಳನ್ನು ಎಳೆದು ಹಿಡಿಯುವ ಉಕ್ಕಿನ ತಂತಿಯ ಉದ್ದಕ್ಕೂ ಬಟ್ಟೆಯನ್ನು ಎಳೆಯಿರಿ. ಒಂದು ಎಳೆ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆ ತಂತಿ ಬದಲಾಗುವ ತನಕ ಮೇಜನ್ನು ಬಳಸಬೇಡಿ, ಏಕೆಂದರೆ ಅದು ಕೈಕೊಡುವುದು ರೋಗಿ ಮೇಲಿರುವಾಗಲೇ. ಕಿರುಗುಟ್ಟುವ ಕೀಲಿಗೆ ಅಡುಗೆ ಎಣ್ಣೆ ಬಿಡುವವರಿದ್ದಾರೆ. ಅದು ಅಂಟಾಗಿ ಧೂಳು ಹಿಡಿಯುತ್ತದೆ, ಮೇಣ ಅಥವಾ ಸಿಲಿಕೋನ್ ಸಾಕು.

ಕಾಲಿನ ಬುಡದ ರಬ್ಬರ್ ಬೂಟುಗಳನ್ನು ಯಾರೂ ಗಮನಿಸುವುದಿಲ್ಲ. ಸಾಮಾನ್ಯ ರಬ್ಬರ್ ಎಣ್ಣೆ ಕುಡಿದು ಉಬ್ಬಿ, ಮೆತ್ತಗಾಗಿ, ನೆಲದ ಮೇಲೆ ಜಾರತೊಡಗುತ್ತದೆ. ಅಂಗಡಿಯಲ್ಲಿ ನೈಟ್ರೈಲ್ ರಬ್ಬರಿನದ್ದೇ ಬೇಕೆಂದು ಕೇಳಿ. ಅದು ಎಣ್ಣೆಯನ್ನು ತಾಳುತ್ತದೆ.

ತೀರ್ಥಹಳ್ಳಿಯ ಚಿಕಿತ್ಸಕಿ

ಹೊದಿಕೆ ಮತ್ತು ಫೋಮ್ ಎರಡನ್ನೂ ಬದಲಿಸಲು ಕೊಟ್ಟಿದ್ದೇನೆ. ದ್ರೋಣಿಯ ಒಳಮೈಯ ಅರಗನ್ನು ತೆಗೆಸುವ ಕೆಲಸ ಶುರುವಾಗಿದೆ. ಕಾಲುವೆಯ ಪದರ ಪ್ಲಾಸ್ಟಿಕ್ ಪಟ್ಟಿಗೆ ಚೆನ್ನಾಗಿ ಬಿಟ್ಟಿತು. ಒಂದೇ ಅನುಮಾನ ಉಳಿದಿದೆ: ಎಣ್ಣೆ ಇಳಿಯುವ ರಂಧ್ರದ ಒಳಗೋಡೆ. ಬೆರಳು ಹೋಗುವುದಿಲ್ಲ, ಬಟ್ಟೆಯೂ ಹೋಗುವುದಿಲ್ಲ, ಕಮಟು ವಾಸನೆ ಈಗಲೂ ಅಲ್ಲಿಂದಲೇ ಬರುತ್ತಿದೆ.

ಶಿರಸಿಯ ಬಡಗಿ

ಆ ರಂಧ್ರದ ಒಳಗೋಡೆಯಲ್ಲಿ ಕೊಯ್ದ ಎಳೆಗಳ ಮುಖವೂ ಇರುತ್ತದೆ, ಅದು ಬಹಳ ಎಣ್ಣೆ ಕುಡಿಯುವ ಜಾಗ. ರಂಧ್ರವನ್ನು ಒಂದು ಸುತ್ತು ದೊಡ್ಡದಾಗಿ ಕೊರೆಸಿ ಹಳೆಯ ಮರವನ್ನು ತೆಗೆಯಿಸಿ. ಒಳಗೋಡೆಯನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಿಂದ ಮುಚ್ಚಿ, ಅದು ಗಟ್ಟಿಯಾದ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯ ತುಂಡೊಂದನ್ನು ಕೂರಿಸಿ, ಕೊಳವೆಯ ಮೇಲಂಚು ಕಾಲುವೆಯ ತಳಕ್ಕಿಂತ ಕೂದಲೆಳೆಯಷ್ಟು ಕೆಳಗೇ ಇರಬೇಕು, ಇಲ್ಲದಿದ್ದರೆ ಅಂಚಿನ ಸುತ್ತ ಎಣ್ಣೆ ನಿಲ್ಲುತ್ತದೆ. ಬಾಟಲಿ ತೊಳೆಯುವ ಬ್ರಷ್ ಸಲೀಸಾಗಿ ಹೋಗಿಬರುವಷ್ಟು ಅಗಲ ಇರಲಿ. ಕೆಲಸ ಮುಗಿದ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಕಾಲುವೆಯಲ್ಲಿ ಎಲ್ಲಾದರೂ ನೀರು ನಿಂತರೆ ತಲೆಯ ಕಡೆಯ ಕಾಲುಗಳ ಕೆಳಗೆ ತೆಳು ಹಲಗೆಯ ತುಂಡು ಕೊಟ್ಟು ಇಳಿಜಾರು ಹೆಚ್ಚಿಸಿ.